ಪಾಯದ ಕಾಂಕ್ರೀಟ್ ಕೈಕೊಟ್ಟಿದೆಯಾ? ಮಣ್ಣು ಮುಚ್ಚುವ ಮುಂಚೆ ಹುಡುಕಿ

ಪಿಲ್ಲರ್ ಬಾಕ್ಸ್ (ಕಾಂಕ್ರೀಟ್ ತುಂಬುವ ಅಚ್ಚು) ಬಿಚ್ಚಿದ ಬೆಳಿಗ್ಗೆ ನೋಡಿದರೆ, ನಾಲ್ಕನೇ ಪಿಲ್ಲರ್‌ನ ಬುಡದಲ್ಲಿ ಅಂಗೈ ಅಗಲದ ಜಾಗದಲ್ಲಿ ಸಿಮೆಂಟೇ ಇರಲಿಲ್ಲ. ಬರೀ ಜಲ್ಲಿ. ಶೇಂಗಾ ಉಂಡೆ ಥರ ಕಲ್ಲಿಗೆ ಕಲ್ಲು ಅಂಟಿಕೊಂಡು ನಿಂತಿತ್ತು, ನಡುವೆ ಕತ್ತಲೆ. ಮೇಸ್ತ್ರಿ ಆಗಲೇ ಬಾಂಡ್ಲಿಯಲ್ಲಿ ಸಿಮೆಂಟ್ ಹಾಲು ಕಲಸಿ ತಂದಿದ್ದರು. "ಏನೂ ಆಗಲ್ಲ ಯಜಮಾನ್ರೆ, ಎರಡು ಕೈ ಬಳಿದ್ರೆ ಮುಚ್ಚಿ ಹೋಗುತ್ತೆ" ಅಂತ ಅಪ್ಪನಿಗೆ ಹೇಳಿದರು. ಅಪ್ಪ ನನ್ನ ಮುಖ ನೋಡಿದರು. "ಇವತ್ತು ಬಳಿಯೋದು ಬೇಡ ಮೇಸ್ತ್ರಿ, ಒಳಗೆ ಎಷ್ಟು ಆಳ ಇದೆ ಅಂತ ಮೊದಲು ನೋಡೋಣ" ಅಂದೆ. ಆ ಒಂದು ಮಾತಿನಿಂದ ನಮಗೆ ಎರಡು ದಿನ ತಡವಾಯಿತು. ಆದರೆ ಪಿಲ್ಲರ್ ಉಳಿಯಿತು.

ನಮ್ಮದು ದಾವಣಗೆರೆ ತಾಲ್ಲೂಕಿನ ಹಳ್ಳಿ. ಕಂಟ್ರಾಕ್ಟರ್ ಇಲ್ಲ. ಎಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿ, ಅಪ್ಪ, ನಾನು, ತಮ್ಮ, ಚಿಕ್ಕಪ್ಪ ಸೇರಿ ಸಾಮಾನು ತರಿಸಿ, ಮೇಸ್ತ್ರಿ ಮತ್ತು ಆಳುಗಳನ್ನು ದಿನಗೂಲಿಗೆ ಇಟ್ಟುಕೊಂಡು ಕಟ್ಟಿದ ಮನೆ. 9 ಪಿಲ್ಲರ್, ಪ್ರತಿ ಪಿಲ್ಲರ್ ಕೂರುವ ತಳದ ಕಾಂಕ್ರೀಟ್ ಚಪ್ಪಡಿ, ಅಂದರೆ ಫುಟಿಂಗ್, 4 ಅಡಿ ಉದ್ದ, 4 ಅಡಿ ಅಗಲ, 1 ಅಡಿ ದಪ್ಪ. ಮಾರ್ಚ್ ಕೊನೆಯ ವಾರದ ಬಿಸಿಲಲ್ಲಿ ಕಾಂಕ್ರೀಟ್ ಹಾಕಿದೆವು. ಮೂರು ಕಡೆ ದೋಷ ಬಂತು, ಮೂರೂ ಬೇರೆ ಬೇರೆ ಕಾರಣಕ್ಕೆ. ನಿಮ್ಮ ಮನೆಯಲ್ಲೂ ಹೀಗೆ ಏನಾದರೂ ಕಂಡು, ಏನು ಮಾಡಬೇಕು ಅಂತ ಗೊತ್ತಾಗದೆ ಗುಂಡಿ ಪಕ್ಕ ನಿಂತಿದ್ದರೆ ಇದನ್ನು ಪೂರ್ತಿ ಓದಿ.

ಮೊದಲು ಎರಡು ಕೆಲಸ ನಿಲ್ಲಿಸಿ. ಗುಂಡಿಗೆ ಮಣ್ಣು ತುಂಬಬೇಡಿ. ದೋಷದ ಮೇಲೆ ಏನನ್ನೂ ಬಳಿಯಬೇಡಿ. ಗುಂಡಿ ತೆರೆದಿರುವಾಗ ಒಂದು ಫುಟಿಂಗ್ ಒಡೆದು ಮತ್ತೆ ಹಾಕಿದರೂ ಕೆಲವು ಚೀಲ ಸಿಮೆಂಟ್, ಎರಡು ದಿನದ ಕೂಲಿ ಅಷ್ಟೇ. ಮೇಲೆ ಗೋಡೆ ಎದ್ದು ತಾರಸಿ ಬಿದ್ದ ಮೇಲೆ ಅದೇ ಫುಟಿಂಗ್ ಮುಟ್ಟಬೇಕು ಅಂದರೆ ಇಡೀ ಮನೆಗೆ ಆಸರೆ ಕೊಡಬೇಕು. ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಸಣ್ಣ ಸುತ್ತಿಗೆ, ಉಳಿ, 4 ಇಂಚಿನ ಮೊಳೆ, ತಂತಿ ಬ್ರಷ್, ಟೇಪು, ತೂಕದ ಗುಂಡು, ಟಾರ್ಚು, ಒಂದು ನೋಟ್‌ಬುಕ್. ಗುಂಡಿ 5 ಅಡಿಗಿಂತ ಆಳ ಇದ್ದರೆ ಒಬ್ಬರೇ ಇಳಿಯಬೇಡಿ. ದಡದ ಮೇಲೆ ಮಣ್ಣಿನ ಗುಡ್ಡೆ ಇದ್ದರೆ ಹಿಂದಕ್ಕೆ ಎಳೆಸಿ, ಆಮೇಲೆ ಇಳಿಯಿರಿ. ಎರೆ ಮಣ್ಣಿನ ಗೋಡೆ ಒಣಗಿ ಸೀಳು ಬಿಟ್ಟಾಗ ಹೇಳದೆ ಕೇಳದೆ ಕುಸಿಯುತ್ತದೆ.

ಆಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವಾಗ ಕಾಣಿಸಿತು? ಬಿರುಕಿನ ಉದ್ದ ಅಗಲಕ್ಕಿಂತ ಅದು ಬಂದ ಹೊತ್ತೇ ಜಾಸ್ತಿ ಹೇಳುತ್ತದೆ. ಹಾಕಿದ ದಿನವೇ ಬಂದರೆ ಬಿಸಿಲು, ಗಾಳಿ, ನೀರಿನ ಕಥೆ. ಬಾಕ್ಸ್ ಬಿಚ್ಚಿದಾಗ ಕಂಡರೆ ಕಲಸುವುದರಲ್ಲಿ, ತುಂಬುವುದರಲ್ಲಿ ಆದ ತಪ್ಪು. ಗೋಡೆ ಎದ್ದು ತಿಂಗಳುಗಳ ಮೇಲೆ ಬಂದರೆ ಕಾಂಕ್ರೀಟನ್ನು ಬಿಟ್ಟು ಕೆಳಗಿನ ಮಣ್ಣಿನ ಮೇಲೆ ಅನುಮಾನ ಪಡಿ. ಅದಕ್ಕೇ ನೋಟ್‌ಬುಕ್. ಯಾವ ಫುಟಿಂಗ್ ಎಷ್ಟು ಗಂಟೆಗೆ ತುಂಬಿದರು, ಆಗ ಯಾರು ನೀರು ಹಾಕುತ್ತಿದ್ದರು, ವೈಬ್ರೇಟರ್ (ಕಾಂಕ್ರೀಟನ್ನು ನಡುಗಿಸಿ ಸಂದು ತುಂಬಿಸುವ ಯಂತ್ರ) ಯಾವಾಗ ಕೆಟ್ಟಿತು, ಇಷ್ಟು ಬರೆದಿಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬರೆದಿಲ್ಲ ಅಂದರೆ ಇವತ್ತೇ ಎಲ್ಲರನ್ನೂ ಕೂರಿಸಿಕೊಂಡು ನೆನಪು ಮಾಡಿ ಬರೆಯಿರಿ.

ಅದೇ ದಿನ ಬಿರುಕು ಬಿಟ್ಟರೆ

ನಮ್ಮ ಎರಡನೇ ಫುಟಿಂಗ್‌ನಲ್ಲಿ ಹಾಕಿದ ಎರಡು ಗಂಟೆಯೊಳಗೆ ಬಿರುಕು ಬಂತು. ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲವೂ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ. ಅಮ್ಮ ಗಾಬರಿಯಾಗಿ ಕೂಗಿದರು. ಇದು ಮೇಲಿನ ನೀರು ಬೇಗ ಆರಿ ಹೋಗಿ ಬರುವ ಬಿರುಕು. ಕಾಂಕ್ರೀಟ್ ಒಳಗಿನಿಂದ ಮೇಲಕ್ಕೆ ನೀರು ಬಿಡುತ್ತದೆ. ಬಿಸಿಲು ಗಾಳಿ ಅದನ್ನು ಅದಕ್ಕಿಂತ ಬೇಗ ಕುಡಿದರೆ ಮೇಲ್ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಹಾಗಾಗಿ ಸೀಳುತ್ತದೆ. ನಮ್ಮಲ್ಲಿ ಆ ಗುಂಡಿ ಆಳ ಕಡಿಮೆ ಇತ್ತು, ಪಡುವಣ ಗಾಳಿಗೆ ನೇರ ಒಡ್ಡಿಕೊಂಡಿತ್ತು. ಉಳಿದವು ಆಳದಲ್ಲಿದ್ದವು, ಅವಕ್ಕೆ ಏನೂ ಆಗಲಿಲ್ಲ. ಕಾರಣ ಹಿಡಿಯುವುದು ಹೀಗೇ: ಎಲ್ಲಿ ಬಂತು ಅನ್ನುವುದರ ಜೊತೆ ಎಲ್ಲಿ ಬರಲಿಲ್ಲ ಅಂತಲೂ ನೋಡಿ.

ಕಾಂಕ್ರೀಟ್ ಇನ್ನೂ ಹಸಿ ಇದ್ದರೆ, ಅಂದರೆ ಹೆಬ್ಬೆರಳು ಒತ್ತಿದರೆ ಗುರುತು ಬಿದ್ದರೆ, ಮರದ ಮಣೆಯಿಂದ ಗಟ್ಟಿಯಾಗಿ ಒತ್ತಿ ಉಜ್ಜಿಸಿ. ಬಿರುಕು ಮುಚ್ಚುತ್ತದೆ. ತಕ್ಷಣ ಒದ್ದೆ ಗೋಣಿಚೀಲ ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ. ಉಜ್ಜಲು ಸುಲಭ ಆಗಲಿ ಅಂತ ಮೇಲೆ ನೀರು ಚಿಮುಕಿಸುತ್ತಾರೆ, ಅದಕ್ಕೆ ಮಾತ್ರ ಅವಕಾಶ ಕೊಡಬೇಡಿ, ಮೇಲ್ಪದರ ಹಿಟ್ಟಾಗುತ್ತದೆ. ಗಟ್ಟಿಯಾದ ಮೇಲೆ ಕಂಡಿದ್ದರೆ ಸಣ್ಣ ತಂತಿ ತೂರಿಸಿ ಆಳ ನೋಡಿ. ತಂತಿ ಇಳಿಯುವುದೇ ಇಲ್ಲ ಅಂದರೆ ನೀರು ಉಣಿಸುತ್ತಾ ಹೋಗಿ, ಚಿಂತೆ ಇಲ್ಲ. ಬಿರುಕು ಅಂಚಿಗೆ ಬಂದು ಫುಟಿಂಗ್‌ನ ಬದಿಯಲ್ಲೂ ಕೆಳಕ್ಕೆ ಇಳಿದಿದ್ದರೆ ಎಂಜಿನಿಯರ್ ನೋಡಲೇಬೇಕು.

ಗೋಡೆಯ ಬುಡದಲ್ಲಿ ಪಿಲ್ಲರ್‌ಗಳನ್ನು ಜೋಡಿಸುವ ಪ್ಲಿಂತ್ ಬೀಮ್‌ನಲ್ಲಿ ಇನ್ನೊಂದು ಥರ ಬರುತ್ತದೆ. ಮೇಲಿನ ಕಂಬಿ ಎಲ್ಲಿದೆಯೋ ಸರಿಯಾಗಿ ಅದರ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಗೆರೆ, ಅಥವಾ ರಿಂಗ್ ಇರುವ ಕಡೆಯೆಲ್ಲ ಅಡ್ಡಕ್ಕೆ ಗೆರೆ. ಕಾಂಕ್ರೀಟ್ ಕೆಳಕ್ಕೆ ಕುಳಿತುಕೊಳ್ಳುವಾಗ ಕಂಬಿ ಅದನ್ನು ತಡೆದು ಹಿಡಿದಿದೆ ಅಂತ ಅರ್ಥ. ನೀರು ಜಾಸ್ತಿ, ವೈಬ್ರೇಟರ್ ಕಡಿಮೆ. ಹಸಿ ಇರುವಾಗಲೇ ಇನ್ನೊಮ್ಮೆ ವೈಬ್ರೇಟರ್ ಕೊಟ್ಟರೆ ಸರಿ ಹೋಗುತ್ತದೆ. ಹಾಗೇ ಬಿಟ್ಟರೆ ಆ ಗೆರೆಯಿಂದಲೇ ನೀರು ಇಳಿದು ಕಂಬಿ ತುಕ್ಕು ಹಿಡಿಯುತ್ತದೆ.

ಮಾರನೇ ದಿನವೂ ಗಟ್ಟಿಯಾಗದಿದ್ದರೆ

ನಮ್ಮ ಒಂಬತ್ತನೇ ಫುಟಿಂಗ್ ಸಂಜೆ ಕತ್ತಲಾಗುವ ಹೊತ್ತಿಗೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು ತುಂಬಿದ್ದು. ಮಾರನೇ ಬೆಳಿಗ್ಗೆ ಉಳಿದ ಎಂಟರ ಮೇಲೆ ಮೊಳೆಯಿಂದ ಗೀರಿದರೆ ಬಿಳಿ ಗೆರೆ ಬಿತ್ತು ಅಷ್ಟೇ. ಇದರ ಮೇಲೆ ಗೀರಿದರೆ ಪುಡಿ ಎದ್ದಿತು. ಮೇಲ್ಮೈ ಕನ್ನಡಿ ಥರ ನುಣ್ಣಗೆ, ಒಂದೇ ಒಂದು ಜಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಗುಂಡಿಯ ಮಣ್ಣಿನ ಗೋಡೆಯ ಮೇಲೆ, ಕಾಂಕ್ರೀಟ್‌ಗಿಂತ ಬೆರಳಗಲ ಎತ್ತರದಲ್ಲಿ, ನೀರು ನಿಂತು ಇಳಿದ ಬೂದು ಗೆರೆ.

ಮೊದಲು ಮನಸ್ಸಿಗೆ ಬಂದಿದ್ದು ಸಿಮೆಂಟ್ ಕಡಿಮೆ ಹಾಕಿದ್ದಾರಾ ಅಂತ. ಯಾರನ್ನೂ ಅನುಮಾನಿಸುವ ಮುಂಚೆ ಖಾಲಿ ಚೀಲ ಎಣಿಸಿ. ಲೆಕ್ಕ ಸುಲಭ. 1 ಘನ ಮೀಟರ್ ಅಂದರೆ 35.3 ಘನ ಅಡಿ. 1:1.5:3 ಅಳತೆಯ (ಸಿಮೆಂಟ್ 1 ಪಾಲು, ಮರಳು 1.5, ಜಲ್ಲಿ 3) ಎಂ20 ದರ್ಜೆಯ ಕಾಂಕ್ರೀಟ್‌ಗೆ 1 ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು. ನಮ್ಮ ಒಂದು ಫುಟಿಂಗ್ 16 ಘನ ಅಡಿ, ಒಂಬತ್ತಕ್ಕೆ 144 ಘನ ಅಡಿ, ಅಂದರೆ 4 ಘನ ಮೀಟರ್ ದಾಟಿ ಸ್ವಲ್ಪ, 33 ಚೀಲದ ಆಸುಪಾಸು. ತಮ್ಮ ಎಣಿಸಿದಾಗ 33 ಖಾಲಿ ಚೀಲ ಇದ್ದವು. ಸಿಮೆಂಟ್ ಸರಿಯಾಗಿಯೇ ಬಿದ್ದಿತ್ತು. 25 ಚೀಲ ಸಿಕ್ಕಿದ್ದರೆ ಮಾತೇ ಬೇರೆ ಇರುತ್ತಿತ್ತು.

ಮುಂದಿನ ಅನುಮಾನ ಸಿಮೆಂಟ್ ಹಳತಾ ಅಂತ. ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಪಾಯಕ್ಕೆ ಹಾಕಲೇಬಾರದು. ಉಳಿದ ಚೀಲ ಇದ್ದರೆ ಕೈ ತೂರಿಸಿ ನೋಡಿ. ಒಳಗೆ ತಣ್ಣಗಿರಬೇಕು, ಮೈದಾ ಹಿಟ್ಟಿನ ಥರ ಜಾರಬೇಕು. ಒತ್ತಿದರೂ ಒಡೆಯದ ಗಂಟು ಇದ್ದರೆ ಗಾಳಿಯ ತೇವ ಕುಡಿದಿದೆ. ನಮ್ಮದು ಹೊಸದೇ ಇತ್ತು.

ಉಳಿದದ್ದು ನೀರು. 50 ಕೆಜಿಯ ಒಂದು ಚೀಲಕ್ಕೆ 25ರಿಂದ 27 ಲೀಟರ್ ನೀರು ಸಾಕು, ಮರಳು ಒದ್ದೆ ಇದ್ದರೆ ಅದಕ್ಕಿಂತಲೂ ಕಡಿಮೆ. ಬೆಳಿಗ್ಗೆ ತಮ್ಮ ಮಿಕ್ಸರ್ ಪಕ್ಕ ನಿಂತು ಬಕೆಟ್ ಅಳೆದು ಹಾಕಿಸುತ್ತಿದ್ದ. ಸಂಜೆ ಅವನು ಡೀಸೆಲ್ ತರಲು ಹೋದ. ಆಳುಗಳು ಬೆಳಿಗ್ಗೆಯಿಂದ ಬಾಂಡ್ಲಿ ಹೊತ್ತು ದಣಿದಿದ್ದರು. ಕಲಸು ತೆಳ್ಳಗಾದರೆ ತಾನೇ ಹರಿದು ಮೂಲೆ ತುಂಬಿಕೊಳ್ಳುತ್ತದೆ, ಎಳೆದು ಹರಡುವ ಕೆಲಸ ತಪ್ಪುತ್ತದೆ. ಪೈಪನ್ನು ಸೀದಾ ಮಿಕ್ಸರ್‌ಗೇ ಬಿಟ್ಟಿದ್ದಾರೆ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ಒಂಬತ್ತನ್ನೂ ಒಂದೇ ದಿನ ಮುಗಿಸಬೇಕು ಅಂತ ಹಟ ಹಿಡಿದಿದ್ದು ನಾವೇ. ಒಂದು ಚೀಲಕ್ಕೆ 25 ಲೀಟರ್ ಬದಲು 35 ಲೀಟರ್ ಬಿದ್ದರೆ ಬಲದಲ್ಲಿ ಮೂರನೇ ಒಂದು ಭಾಗವೇ ಹೋಗಬಹುದು.

ಈಗ ಮುಖ್ಯವಾದದ್ದು. ಮೆತ್ತಗಿರುವುದು ಮೇಲಿನ ಚರ್ಮ ಮಾತ್ರವೋ, ಒಳಗಿನ ತನಕವೋ? ತಂತಿ ಬ್ರಷ್‌ನಿಂದ ಒಂದು ಅಡಿ ಜಾಗ ಉಜ್ಜಿ. ಎರಡು ಮೂರು ಎಂಎಂ ಪುಡಿ ಉದುರಿ ಕೆಳಗೆ ಜಲ್ಲಿಯ ಮುಖ ಕಂಡು, ಸುತ್ತಿಗೆ ತಟ್ಟಿದರೆ ಠಣ್ ಅಂದರೆ ಅದು ಬರೀ ಕೆನೆ. ನೀರಿನ ಜೊತೆ ಮೇಲೆ ಬಂದ ಸಿಮೆಂಟ್ ಮತ್ತು ಧೂಳು. ಪಿಲ್ಲರ್ ಕೂರುವ ಜಾಗದಲ್ಲಿ ಆ ಕೆನೆಯನ್ನು ಪೂರ್ತಿ ಕೆತ್ತಿ ತೆಗೆಯದೆ ಮುಂದೆ ಹೋಗಬೇಡಿ. ಇನ್ನು ಉಳಿಯಿಂದ ಒಂದು ಇಂಚು ಕೆತ್ತಿದರೂ ಕಲ್ಲು ಸಿಗದೆ ಬರೀ ಗಾರೆ ಸಿಕ್ಕರೆ, ತಟ್ಟಿದರೆ ಡಬ್ ಡಬ್ ಅಂದರೆ, ಕಲ್ಲೆಲ್ಲ ತಳಕ್ಕೆ ಕೂತಿದೆ. ನಮ್ಮದು ಹಾಗೇ ಆಗಿತ್ತು. ಎಂಜಿನಿಯರ್ ಬಂದು ನೋಡಿ ಒಡೆಸಿ ಅಂದರು. ಮೂರು ದಿನದ ಕಾಂಕ್ರೀಟ್ ಹಾರೆಗೆ ಬಗ್ಗಿತು. ಕಂಬಿ ಉಳಿಸಿಕೊಂಡು, ಬ್ರಷ್ ಹಾಕಿ ತೊಳೆದು, ಮತ್ತೆ 4 ಚೀಲದಲ್ಲಿ ಹಾಕಿದೆವು. ಅಮ್ಮನಿಗೆ ಬೇಜಾರಾಯಿತು, ಗುದ್ದಲಿ ಪೂಜೆ ಮಾಡಿದ ಮೂಲೆ ಅದು.

ಇನ್ನೊಂದು ಅಪರೂಪದ ಕಾರಣ ಇದೆ, ಗೊತ್ತಿರಲಿ. ಸಕ್ಕರೆ, ಬೆಲ್ಲ ಅತಿ ಕಡಿಮೆ ಸೇರಿದರೂ ಸಿಮೆಂಟ್ ಗಟ್ಟಿಯಾಗುವುದು ನಿಧಾನವಾಗುತ್ತದೆ. ಬೆಲ್ಲದ ಡ್ರಮ್ಮಿನಲ್ಲಿ ನೀರು ತುಂಬಿಟ್ಟಿದ್ದರೆ, ಸಕ್ಕರೆ ಮೂಟೆ ಹೇರಿದ್ದ ಟ್ರೇಲರನ್ನು ತೊಳೆಯದೆ ಮರಳು ತಂದಿದ್ದರೆ ಹೀಗಾಗಬಹುದು. ಆಗ ಎರಡು ಮೂರು ದಿನ ಒದ್ದೆ ಚೀಲ ಹೊದಿಸಿ ಕಾಯಿರಿ, ದಿನಾ ಮೊಳೆ ಗೀರಿ ನೋಡಿ. ನಿಧಾನಕ್ಕೆ ಬಿಗಿಯುತ್ತಿದ್ದರೆ ಉಳಿಯಬಹುದು. ಮೂರನೇ ದಿನವೂ ಮೊಳೆ ಇಳಿಯುತ್ತಿದ್ದರೆ ತೆಗೆದುಬಿಡಿ.

ಜಲ್ಲಿ ಹಲ್ಲು ಬಿಟ್ಟರೆ

ಇದೇ ನಾಲ್ಕನೇ ಪಿಲ್ಲರ್ ಕಥೆ. ಜೇನುಗೂಡು ಅಂತಲೂ ಕರೆಯುತ್ತಾರೆ. ಎಲ್ಲರೂ ಹೆದರುವುದು ಇದಕ್ಕೇ, ಎಲ್ಲರೂ ಬೇಗ ಮುಚ್ಚಿಬಿಡುವುದೂ ಇದನ್ನೇ. ಅದು ಪಿಲ್ಲರ್‌ನ ಯಾವ ಎತ್ತರದಲ್ಲಿದೆ ಅನ್ನುವುದನ್ನು ನೋಡಿ, ಕಾರಣ ಅಲ್ಲೇ ಬರೆದಿರುತ್ತದೆ.

ಬುಡದಲ್ಲಿದ್ದರೆ ಎರಡು ಸಾಧ್ಯತೆ. ಬಾಕ್ಸ್‌ನ ತಳಕ್ಕೂ ಫುಟಿಂಗ್‌ಗೂ ನಡುವೆ ಸಂದು ಇತ್ತು, ಸಿಮೆಂಟ್ ಹಾಲು ಸೋರಿಹೋಯಿತು, ಕಲ್ಲು ಉಳಿಯಿತು. ಹಾಗಿದ್ದರೆ ಫುಟಿಂಗ್ ಮೇಲೆ ಒಣಗಿದ ಹಾಲಿನ ನಾಲಗೆ ಚಾಚಿಕೊಂಡಿರುತ್ತದೆ, ಹುಡುಕಿ. ಇಲ್ಲವೇ ಎತ್ತರದಿಂದ ಸುರಿದಿದ್ದಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವ ಪ್ರಕಾರ 1.5 ಮೀಟರ್, ಅಂದರೆ 5 ಅಡಿಗಿಂತ ಎತ್ತರದಿಂದ ಬೀಳಿಸಬಾರದು. ಕಂಬಿಗೆ ರಿಂಗಿಗೆ ಬಡಿದು ಕಲ್ಲು ಮೊದಲು ಕೆಳಗೆ ಬೀಳುತ್ತದೆ, ಗಾರೆ ಹಿಂದೆ ಉಳಿಯುತ್ತದೆ. ನಡುಭಾಗದಲ್ಲಿ ಒಂದೇ ಕಡೆ ಇದ್ದರೆ ವೈಬ್ರೇಟರ್ ಸೂಜಿ ಅಲ್ಲಿಗೆ ತಲುಪಿಲ್ಲ, ಅಥವಾ ಒಂದೇ ಸಲಕ್ಕೆ ಜಾಸ್ತಿ ಸುರಿದು ಆಮೇಲೆ ಸೂಜಿ ಇಳಿಸಿದ್ದಾರೆ. ಕಂಬಿ ಜೋಡಿಸಿದ ಜಾಗದಲ್ಲಿ ಮಾತ್ರ ಇದ್ದರೆ ಕಂಬಿ ಕಂಬಿ ನಡುವೆ ಕಲ್ಲು ಸಿಕ್ಕಿಕೊಂಡಿದೆ. ಫುಟಿಂಗ್ ಕೆಳಗೆ ಹಾಸುವ ಬೆಡ್ ಕಾಂಕ್ರೀಟ್‌ಗೆ ತರಿಸಿದ 40 ಎಂಎಂ ಜಲ್ಲಿ ಪಿಲ್ಲರ್‌ನ 20 ಎಂಎಂ ಜೊತೆ ಸೇರಿಲ್ಲ ತಾನೇ ಅಂತ ರಾಶಿ ಹತ್ತಿರ ಹೋಗಿ ನೋಡಿ.

ನಾಲ್ಕೂ ಮುಖದಲ್ಲಿ, ಎಲ್ಲ ಪಿಲ್ಲರ್‌ಗಳಲ್ಲೂ ಅಲ್ಲಲ್ಲಿ ಇದ್ದರೆ ಕಲಸಿನ ಅಳತೆಯೇ ತಪ್ಪಿದೆ. ಇದರಲ್ಲಿ ಒದ್ದೆ ಮರಳಿನ ಮೋಸ ಬಹಳ ಜನಕ್ಕೆ ಗೊತ್ತಿಲ್ಲ. ತೇವ ಇರುವ ಮರಳು ಉಬ್ಬುತ್ತದೆ, 20ರಿಂದ 30 ಶೇಕಡಾ ತನಕ ಜಾಗ ಜಾಸ್ತಿ ಹಿಡಿಯುತ್ತದೆ. ನೀವು ಬಾಂಡ್ಲಿ ಎಣಿಸಿ ಹಾಕಿದರೂ ನಿಜವಾಗಿ ಬಿದ್ದ ಮರಳು ಕಡಿಮೆ, ಕಲ್ಲಿನ ಸಂದು ತುಂಬುವುದಿಲ್ಲ. ಅಳತೆಗೆ ಬಾಂಡ್ಲಿ ಬಿಟ್ಟು 35 ಲೀಟರ್ ಹಿಡಿಯುವ ಪೆಟ್ಟಿಗೆ ಮಾಡಿಸಿಕೊಳ್ಳಿ, ಒಂದು ಚೀಲ ಸಿಮೆಂಟ್ ಅಷ್ಟೇ ಜಾಗ ಹಿಡಿಯುತ್ತದೆ. ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಮರಳು ಒದ್ದೆ ಇದ್ದರೆ ಸ್ವಲ್ಪ ಗೋಪುರ ಕಟ್ಟಿ ತುಂಬಿ.

ಈಗ ಆಳ ಅಳೆಯಿರಿ. ಸಡಿಲ ಕಲ್ಲುಗಳನ್ನು ಉಳಿಯಿಂದ ಎಬ್ಬಿಸಿ, ಮೊಳೆ ತೂರಿಸಿ. ಪಿಲ್ಲರ್‌ನಲ್ಲಿ ಕಂಬಿಯ ಹೊರಗೆ 40 ಎಂಎಂ ಕಾಂಕ್ರೀಟ್ ಹೊದಿಕೆ ಇರಬೇಕು. ಗೂಡು ಆ ಹೊದಿಕೆಯಲ್ಲೇ ಮುಗಿದರೆ ನೀವೇ ದುರಸ್ತಿ ಮಾಡಿಸಬಹುದು. ಕಂಬಿಯ ಹಿಂದಕ್ಕೂ ಮೊಳೆ ಹೋದರೆ ಅಲ್ಲಿಗೆ ನಿಲ್ಲಿಸಿ ಎಂಜಿನಿಯರ್‌ಗೆ ಫೋನ್ ಮಾಡಿ. ನಮ್ಮಲ್ಲಿ ಹೊರಗೆ ಅಂಗೈ ಅಗಲ ಕಂಡಿದ್ದು, ಕೆತ್ತುತ್ತಾ ಹೋದಾಗ ಒಂದು ಅಡಿ ಎತ್ತರ, 2 ಇಂಚು ಆಳ ಆಯಿತು. ಒಂದು 12 ಎಂಎಂ ಕಂಬಿ ಪೂರ್ತಿ ಬರಿಮೈಯಲ್ಲಿ ನಿಂತಿತ್ತು. ಮೇಲೆ ಹಾಲು ಬಳಿದು ಮುಚ್ಚಿದ್ದರೆ ಅದು ಹಾಗೇ ಗೋಡೆಯೊಳಗೆ ಹೋಗುತ್ತಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಮೇಸ್ತ್ರಿಯೇ "ಇದನ್ನ ಸರಿಯಾಗೇ ಮಾಡಣ" ಅಂದರು.

ಎಂಜಿನಿಯರ್ ಹೇಳಿದಂತೆ ದುರಸ್ತಿ ಮಾಡಿದೆವು. ಗಟ್ಟಿ ಕಾಂಕ್ರೀಟ್ ಸಿಗುವ ತನಕ ಕೆತ್ತಿದೆವು, ಕಂಬಿಯ ಹಿಂದೆಯೂ ಬೆರಳು ಆಡುವಷ್ಟು. ಅಂಚನ್ನು ತೆಳ್ಳಗೆ ಜಾರಿಸದೆ ಚೌಕವಾಗಿ ಕಡಿದೆವು, ಯಾಕೆಂದರೆ ತೆಳು ಅಂಚು ಮೊದಲು ಎದ್ದು ಬರುತ್ತದೆ. ಧೂಳು ತೊಳೆದು ರಾತ್ರಿಯಿಡೀ ಒದ್ದೆ ಚೀಲ ಸುತ್ತಿಟ್ಟೆವು. ಬೆಳಿಗ್ಗೆ ನಿಂತ ನೀರು ಒರೆಸಿ, ಆ ಮುಖಕ್ಕೆ ಹಲಗೆ ಕಟ್ಟಿ, ಮೇಲ್ಗಡೆ ಸುರಿಯಲು ಬಾಯಿ ಬಿಟ್ಟು, ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಸಿಮೆಂಟ್ ಗಾರೆ) ಸುರಿದೆವು. ಅದರ ಚೀಲದ ಮೇಲೆ ಬರೆದಷ್ಟೇ ನೀರು, ಅಳೆದು. ಬಾಯಿಯನ್ನು ಗೂಡಿನ ನೆತ್ತಿಗಿಂತ ಎತ್ತರದಲ್ಲಿ ಇಡಬೇಕು, ಇಲ್ಲದಿದ್ದರೆ ಮೇಲೆ ಗಾಳಿ ಉಳಿಯುತ್ತದೆ. ಹೆಚ್ಚಾಗಿ ಉಬ್ಬಿದ್ದನ್ನು ಮಾರನೇ ದಿನ ಕೆತ್ತಿದೆವು.

ಕೆಳಗಿನ ಕಂಬಿ ಮಣ್ಣು ಮುಟ್ಟಿದೆಯಾ

ಫುಟಿಂಗ್‌ನಲ್ಲಿ ಈ ದೋಷ ಹೊರಗೆ ಕಾಣುವುದಿಲ್ಲ. ಫುಟಿಂಗ್‌ನ ಬಲ ಎಲ್ಲ ತಳದ ಜಾಲರಿಯಲ್ಲಿ, ಅದರ ಕೆಳಗೆ 50 ಎಂಎಂ ಹೊದಿಕೆ ಬೇಕು. ಜಾಲರಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿದ್ದರೂ ಆಳುಗಳು ಮೇಲೆ ನಡೆದು ಜಾಲರಿ ಜಾರಿ ಕೂತಿರಬಹುದು. ಕೆಲವರು ಬ್ಲಾಕ್ ಬದಲು ಜಲ್ಲಿ ಕಲ್ಲನ್ನೇ ಸಿಕ್ಕಿಸುತ್ತಾರೆ, ಅದು ತುಳಿದರೆ ಉರುಳುತ್ತದೆ. ಬದಿಯ ಮಣ್ಣನ್ನು ಸ್ವಲ್ಪ ಬಿಡಿಸಿ, ಟಾರ್ಚ್ ಹಾಕಿ ಫುಟಿಂಗ್‌ನ ಬದಿ ನೋಡಿ. ಕಂಬಿಯ ತುದಿ ಹೊರಗೆ ಇಣುಕುತ್ತಿದ್ದರೆ, ಕೆಳ ಅಂಚಿನ ಹತ್ತಿರ ತುಕ್ಕಿನ ಕಲೆ ಇದ್ದರೆ ಅನುಮಾನ ಪಡಿ. ಹಾಕುವ ಮುಂಚೆ ತೆಗೆದ ಫೋಟೋ ಇದ್ದರೆ ಎಂಜಿನಿಯರ್‌ಗೆ ತೋರಿಸಿ. ಕಂಬಿ ಪತ್ತೆ ಮಾಡುವ ಯಂತ್ರದಿಂದಲೂ ನೋಡಿಸಬಹುದು, ಆದರೆ ಒಂದು ಅಡಿ ದಪ್ಪದ ತಳದಲ್ಲಿರುವುದನ್ನು ಮೇಲಿನಿಂದ ನಂಬುವ ಹಾಗೆ ಹೇಳುವುದು ಅದಕ್ಕೆ ಕಷ್ಟ.

ಗುಂಡಿಯಲ್ಲಿ ನೀರು ಇದ್ದಾಗ ಹಾಕಿದ್ದರೆ

ಭದ್ರಾ ಕಾಲುವೆ ಬಯಲಿನ ನಮ್ಮ ಕಡೆ ಇದು ತುಂಬಾ ಸಾಮಾನ್ಯ. ಬೇಸಿಗೆ ಭತ್ತಕ್ಕೆ ನೀರು ಬಿಟ್ಟಾಗ ಗದ್ದೆ ಪಕ್ಕದ ಸೈಟುಗಳ ಗುಂಡಿಯಲ್ಲಿ ನೀರು ಜಿನುಗುತ್ತದೆ. ನಿಂತ ನೀರಿಗೆ ಕಾಂಕ್ರೀಟ್ ಸುರಿದರೆ ಸಿಮೆಂಟ್ ತೊಳೆದು ಹೋಗುತ್ತದೆ, ತಳದಲ್ಲಿ ಕೆಸರು ಮತ್ತು ಜಲ್ಲಿ ಉಳಿಯುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗೇ ಇರುತ್ತದೆ. ಹಾಗಾಗಿ ನೀರೆತ್ತುವ ಮೋಟರ್ ನಿಲ್ಲಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಒಂದು ಮೂಲೆಯಲ್ಲಿ ಬದಿಯನ್ನು ತಳದ ತನಕ ಬಿಡಿಸಿ, ಕೊನೆಯ ಎರಡು ಮೂರು ಇಂಚನ್ನು ಉಳಿಯಿಂದ ಕೆದಕಿ. ಕಲ್ಲು ಕೈಗೆ ಕಿತ್ತು ಬಂದರೆ ತಳ ಹಾಳಾಗಿದೆ. ಇದಕ್ಕೆ ಮೇಲಿನಿಂದ ಮಾಡುವ ದುರಸ್ತಿ ಯಾವುದೂ ಇಲ್ಲ, ಒಡೆದು ಮತ್ತೆ ಹಾಕಬೇಕು. ಮತ್ತೆ ಹಾಕುವಾಗ ಫುಟಿಂಗ್ ಜಾಗದ ಹೊರಗೆ, ಗುಂಡಿಯ ಒಂದು ಮೂಲೆಯಲ್ಲಿ ತಳಕ್ಕಿಂತ ಅರ್ಧ ಅಡಿ ಆಳಕ್ಕೆ ಸಣ್ಣ ಕುಣಿ ತೋಡಿ, ನೀರನ್ನು ಅಲ್ಲಿಗೆ ಎಳೆದು, ಅಲ್ಲಿಂದ ಪಂಪ್ ಮಾಡಿ. ಫುಟಿಂಗ್ ನಡುವಿನಿಂದ ಎಳೆಯಬೇಡಿ, ಸಿಮೆಂಟೂ ಜೊತೆಗೆ ಬರುತ್ತದೆ. ಕೆಸರಾದ ಮಣ್ಣನ್ನು ಕೆತ್ತಿ ತೆಗೆದು ಬೆಡ್ ಕಾಂಕ್ರೀಟ್ ಹಾಕಿದ ಮೇಲೆಯೇ ಕಂಬಿ ಇಳಿಸಿ.

ಅಡ್ಡ ಗೆರೆ, ಜರುಗಿದ ಪಿಲ್ಲರ್

ಮಿಕ್ಸರ್ ಕೆಟ್ಟು ಮೂರು ನಾಲ್ಕು ಗಂಟೆ ನಿಂತು, ಆಮೇಲೆ ಉಳಿದರ್ಧ ತುಂಬಿದ್ದರೆ ಬದಿಯಲ್ಲಿ ಅಡ್ಡಕ್ಕೆ ಕಪ್ಪು ಗೆರೆ ಕಾಣುತ್ತದೆ. ಫುಟಿಂಗ್‌ನ ಅರ್ಧ ದಪ್ಪದಲ್ಲಿ ಇಂಥ ಗೆರೆ ಇದ್ದರೆ ಎರಡು ಚಪ್ಪಡಿ ಒಂದರ ಮೇಲೊಂದು ಇಟ್ಟ ಹಾಗೆ, ಎಂಜಿನಿಯರ್ ನಿರ್ಧಾರ ಮಾಡಲಿ.

ಪಿಲ್ಲರ್ ಕಂಬಿ ಜರುಗಿದೆಯಾ ಅಂತ ದಾರ ಕಟ್ಟಿ, ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಹಿಡಿದು ನೋಡಿ. ಎರಡೂ ಒಂದೇ ಬರಬೇಕು. ಒಂದು ಇಂಚು ಜರುಗಿದ್ದರೆ ಕನಿಷ್ಠ 6 ಇಂಚು ಉದ್ದದಲ್ಲಿ ನಿಧಾನಕ್ಕೆ ಓರೆ ಮಾಡಿ ತರಬಹುದು. ಗ್ಯಾಸ್ ಹಚ್ಚಿ ಕಂಬಿ ಕಾಯಿಸಿ ಬಗ್ಗಿಸಲು ಬಿಡಬೇಡಿ, ಕಂಬಿಯ ಬಲ ಹೋಗುತ್ತದೆ. ಜಾಸ್ತಿ ಜರುಗಿದ್ದರೆ ನಕ್ಷೆ ಮಾಡಿದವರನ್ನೇ ಕೇಳಿ.

ಗೋಡೆ ಎದ್ದ ಮೇಲೆ ಓರೆ ಬಿರುಕು

ನಮ್ಮೂರಲ್ಲೇ ಎರೆ ಭೂಮಿಯಲ್ಲಿ ಕಟ್ಟಿದ ಒಂದು ಮನೆಗೆ ಎರಡನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಮಳೆಗಾಲದಲ್ಲಿ ಮುಚ್ಚಿಕೊಂಡಿತು, ಮತ್ತೆ ಬೇಸಿಗೆಗೆ ಬಾಯಿ ಬಿಟ್ಟಿತು. ಕಾಂಕ್ರೀಟ್‌ನ ದೋಷ ಹೀಗೆ ಋತು ನೋಡಿಕೊಂಡು ಬರುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪಾಯ ಆ ಏರಿಳಿತದ ಆಳದಲ್ಲೇ ನಿಂತಿದ್ದರೆ ಮನೆಯೂ ಅದರ ಜೊತೆ ಏಳುತ್ತದೆ, ಕೂರುತ್ತದೆ.

ಖಾತ್ರಿ ಮಾಡಿಕೊಳ್ಳಲು ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ನಡುವೆ ಒಂದು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಸಾಮಾನ್ಯವಾಗಿ ಮನೆಯ ಮೂಲೆ ಕುಸಿಯುತ್ತಿದೆ. ಕೆಳಗೆ ಅಗಲ ಇದ್ದರೆ ನಡುಭಾಗ ಕುಸಿಯುತ್ತಿದೆ. ಕುಸಿಯುತ್ತಿರುವ ಕಡೆ ಹೋಗಿ ಸುತ್ತ ನೋಡಿ. ಬಚ್ಚಲ ನೀರು ಪಾಯದ ಪಕ್ಕಕ್ಕೇ ಹೋಗುತ್ತಿದೆಯಾ, ತಾರಸಿಯ ಪೈಪ್ ಅಲ್ಲೇ ಸುರಿಯುತ್ತಿದೆಯಾ, ದೊಡ್ಡ ಮರ ಇದೆಯಾ. ಎಷ್ಟೋ ಸಲ ನೀರನ್ನು ದೂರ ಹಾಯಿಸಿ, ಮನೆ ಸುತ್ತ ಮೂರು ಅಡಿ ಅಗಲದ ಇಳಿಜಾರು ಕಟ್ಟೆ ಹಾಕಿದರೆ ಬಿರುಕು ಬೆಳೆಯುವುದು ನಿಲ್ಲುತ್ತದೆ. ನಿಲ್ಲುವ ತನಕ ಬಿರುಕನ್ನು ಮುಚ್ಚಿ ಬಣ್ಣ ಹೊಡೆಯುವುದು ದುಡ್ಡು ದಂಡ.

ಇನ್ನೂ ಕಟ್ಟದವರು ಮಣ್ಣನ್ನು ಮೊದಲೇ ನೋಡಿಸಿ. ಪ್ರಯೋಗಾಲಯದಲ್ಲಿ 10 ಗ್ರಾಂ ಮಣ್ಣನ್ನು ಜರಡಿ ಹಿಡಿದು ಒಂದು ಗಾಜಿನ ಅಳತೆ ಕೊಳವೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿರುವ ಮಣ್ಣು ಸೀಮೆಎಣ್ಣೆಯದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಜಾಗ ಹಿಡಿದಿದ್ದರೆ ಮಾಮೂಲಿ ಫುಟಿಂಗ್ ಹಾಕುವ ಮುಂಚೆ ಯೋಚನೆ ಮಾಡಬೇಕು. ಕೆಳಗೆ ಗಟ್ಟಿ ಗರಸು ಸಿಗುವ ತನಕ ಹೋಗಬೇಕು, ನಮಗೆ ಅದು ನಾಲ್ಕೂವರೆ ಅಡಿಗೆ ಸಿಕ್ಕಿತು. ಸಿಗದಿದ್ದರೆ ಬುಡ ಉಬ್ಬಿದ ಪೈಲ್ ಹಾಕುತ್ತಾರೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಕ್ರಮ ಅದು.

ಅನುಮಾನ ಉಳಿದರೆ

ಹಾಕುವ ದಿನವೇ ಅದೇ ಕಾಂಕ್ರೀಟನ್ನು ಪರೀಕ್ಷೆಗೆಂದು ಮೂರು ಕ್ಯೂಬ್ (ಚೌಕ ಅಚ್ಚು) ತುಂಬಿಟ್ಟಿದ್ದರೆ ಕೆಲಸ ಸುಲಭ. 150 ಎಂಎಂ ಕ್ಯೂಬ್ ಎಂ20 ಆಗಿದ್ದರೆ 28ನೇ ದಿನಕ್ಕೆ ಸುಮಾರು 45 ಟನ್ ಭಾರ ತಡೆಯಬೇಕು, 7ನೇ ದಿನಕ್ಕೆ ಮೂರನೇ ಎರಡು ಭಾಗದ ಹತ್ತಿರ. ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ ಮೊದಲ ವಾರ ಸ್ವಲ್ಪ ಹಿಂದೆ ಇರುತ್ತದೆ, ಅದಕ್ಕೇ ಗಾಬರಿ ಬೇಡ. ಕ್ಯೂಬ್ ಇಲ್ಲ ಅಂದರೆ ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಿ, ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸಿ. ಅದು ಮೇಲ್ಪದರದ ಗಟ್ಟಿತನ ಮಾತ್ರ ಹೇಳುತ್ತದೆ. ಆದರೆ ಒಂಬತ್ತು ಫುಟಿಂಗ್‌ನಲ್ಲಿ ಯಾವುದು ಉಳಿದವುಗಳಿಗಿಂತ ಹಿಂದಿದೆ ಅಂತ ಹುಡುಕಲು ಅಷ್ಟು ಸಾಕು. ಕೊನೆಯ ದಾರಿ ಕೋರ್, ಅಂದರೆ ಪರೀಕ್ಷೆಗೆ ಕಾಂಕ್ರೀಟ್ ಕೊರೆದು ಉರುಳೆಯಾಕಾರದ ತುಂಡು, ತೆಗೆಯುವುದು. ಕನಿಷ್ಠ ಮೂರು ಕೋರ್, ಅವುಗಳ ಸರಾಸರಿ ಬೇಕಾದ ಬಲದ ಶೇ 85 ಇರಬೇಕು, ಯಾವುದೊಂದೂ ಶೇ 75ಕ್ಕಿಂತ ಇಳಿಯಬಾರದು ಅಂತ ಐಎಸ್ 456 ಹೇಳುತ್ತದೆ.

ಈ ಹುಡುಕಾಟದ ನಡುವೆ ನೀರು ಉಣಿಸುವುದನ್ನು ಮರೆಯಬೇಡಿ. ಪಿಪಿಸಿಗೆ ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. ಎರೆ ಮಣ್ಣಿನಲ್ಲಿ ಗುಂಡಿಗೆ ನೀರು ತುಂಬಿಸಿ ಬಿಡಬೇಡಿ, ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಒದ್ದೆ ಗೋಣಿ ಸಾಕು.

ಎಲ್ಲ ಸರಿ ಹೋದ ಮೇಲೆ ನಾವು ಮಣ್ಣು ಮುಚ್ಚುವ ಹಿಂದಿನ ಸಂಜೆ, ತಮ್ಮ ಪ್ರತಿ ಗುಂಡಿಗೂ ಇಳಿದು ಟೇಪು ಹಿಡಿದು ನಿಂತ, ನಾನು ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಸೀಮೆಸುಣ್ಣದಲ್ಲಿ ನಂಬರ್, ತಾರೀಕು ಬರೆದೆವು. ಮಾರನೇ ದಿನ ಅರ್ಧ ಅರ್ಧ ಅಡಿ ಗರಸು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿದೆವು. ನಾಲ್ಕನೇ ಪಿಲ್ಲರ್ ಹತ್ತಿರ ಬಂದಾಗ ಮೇಸ್ತ್ರಿ ತಾವೇ ಇಳಿದು, ಗ್ರೌಟ್ ಹಾಕಿದ ಮುಖಕ್ಕೆ ಸುತ್ತಿಗೆಯಿಂದ ಮೂರು ಸಲ ತಟ್ಟಿ ಕಿವಿಗೊಟ್ಟು ಕೇಳಿದರು, ಆಮೇಲೆ ಬಾಂಡ್ಲಿ ಕೊಡಿ ಅಂದರು.